ಮನೆಯ ಆರ್ಕೇಡ್ ಕ್ಯಾಬಿನೆಟ್‌ಗೆ ಕಳಚಿ ಬದಲಿಸುವ ಕಂಟ್ರೋಲ್ ಪ್ಯಾನೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಬಾಗಿಲು, ಕಪಾಟು, ದೇವರ ಮಂಟಪ ಮಾಡಿಕೊಡುವ ಬಡಗಿಗಳಿಗೆ ಬರವಿಲ್ಲ. ಆರ್ಕೇಡ್ ಕ್ಯಾಬಿನೆಟ್ ಎಂದರೆ, ಅಂದರೆ ಒಳಗೆ ಕಂಪ್ಯೂಟರ್, ಎದುರಿಗೆ ಪರದೆ, ಅದರ ಕೆಳಗೆ ಜಾಯ್‌ಸ್ಟಿಕ್ ಮತ್ತು ಬಟನ್‌ಗಳ ಹಲಗೆ (ಕಂಟ್ರೋಲ್ ಪ್ಯಾನೆಲ್) ಇರುವ ವಿಡಿಯೊ ಗೇಮ್ ಪೆಟ್ಟಿಗೆ ಎಂದರೆ ಮಾತ್ರ ಅವರಿಗೆ ಚಿತ್ರ ಬರೆದು ತೋರಿಸಬೇಕು. ಅಂಥದ್ದೊಂದನ್ನು ಕಟ್ಟಿ ಪಡಸಾಲೆಯಲ್ಲಿ ನಿಲ್ಲಿಸಿದ ಮೇಲೆ ಸೇಡಂನಿಂದ ಬೀದರ್‌ವರೆಗೆ ಪರಿಚಯದವರ ಪರಿಚಯದವರೆಲ್ಲ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಪ್ಯಾನೆಲ್ ಬದಲಿಸುವ ಗೊಡವೆ ಏಕೆ? ಎಲ್ಲವನ್ನೂ ಒಂದರಲ್ಲೇ ಕೂರಿಸಬಾರದೇ?

ಕೂರಿಸಬಹುದು, ಆಡಲು ಆಗುವುದಿಲ್ಲ. 1980ರ ಪ್ಯಾಕ್-ಮ್ಯಾನ್‌ಗೆ ನಾಲ್ಕು ದಿಕ್ಕಿನ ಒಂದು ಜಾಯ್‌ಸ್ಟಿಕ್ ಬಿಟ್ಟರೆ ಆಡುವ ಬಟನ್ ಒಂದೂ ಬೇಡ. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಎಂಟು ದಿಕ್ಕಿನ ಜಾಯ್‌ಸ್ಟಿಕ್ ಮತ್ತು ಒಬ್ಬೊಬ್ಬರಿಗೂ ಆರು ಬಟನ್ ಬೇಕು. ಮಿಸೈಲ್ ಕಮಾಂಡ್‌ಗೆ ಅಂಗೈಯಿಂದ ಉರುಳಿಸುವ ಚೆಂಡು (ಟ್ರ್ಯಾಕ್‌ಬಾಲ್), 1981ರ ಟೆಂಪೆಸ್ಟ್‌ಗೆ ತಿರುಗಿಸುವ ಗುಬುಟು (ಸ್ಪಿನ್ನರ್), 1982ರ ರೋಬೋಟ್ರಾನ್‌ಗೆ ಒಬ್ಬನೇ ಆಟಗಾರನಿಗೆ ಎರಡು ಜಾಯ್‌ಸ್ಟಿಕ್. ಇಷ್ಟನ್ನೂ ಒಂದೇ ಹಲಗೆಯ ಮೇಲೆ ಹರಡಿದರೆ ಅದು ಮೀಟರ್ ಅಗಲ ದಾಟುತ್ತದೆ, ಬಾಗಿಲಲ್ಲಿ ಹಾಯುವುದಿಲ್ಲ, ಗುದ್ದಾಟದ ನಡುವೆ ಮುಂಗೈ ಟ್ರ್ಯಾಕ್‌ಬಾಲ್‌ಗೆ ತಗಲುತ್ತಿರುತ್ತದೆ. ನೋಡಲು ವಿಮಾನದ ಕಾಕ್‌ಪಿಟ್, ಕೈಗೆ ಮಾತ್ರ ತೊಡಕು.

ಹಾಗಾದರೆ ಎಷ್ಟು ಪ್ಯಾನೆಲ್ ಮಾಡಿಸಲಿ?

ಎರಡು. ಐದಾರು ಪ್ಯಾನೆಲ್‌ಗಳ ನಕ್ಷೆ ಹಿಡಿದು ಬರುವವರಿಗೆ ನಾನು ಮೊದಲು ಆಟಗಳ ಪಟ್ಟಿ ಕೇಳುತ್ತೇನೆ. ಮನೆಯಲ್ಲಿ ನಿಜಕ್ಕೂ ಆಡುವ ಹತ್ತು ಹದಿನೈದು ಆಟಗಳನ್ನು ಬರೆದು, ಪ್ರತಿಯೊಂದರ ಮುಂದೆ ಎಷ್ಟು ಜನ, ಎಷ್ಟು ದಿಕ್ಕು, ಎಷ್ಟು ಬಟನ್ ಎಂದು ನಮೂದಿಸಿ. ನಮ್ಮ ಕಡೆಯವರ ಪಟ್ಟಿಯಲ್ಲಿ ಮುಸ್ತಫಾ ಇದ್ದೇ ಇರುತ್ತದೆ. ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್ ಎಂಬ ಅದರ ನಿಜವಾದ ಹೆಸರು ಹೇಳಿದರೆ ಅರ್ಧ ಜನಕ್ಕೆ ಗುರುತೇ ಹತ್ತುವುದಿಲ್ಲ. ಕ್ಯಾಪ್ಕಾಮ್ 1993ರಲ್ಲಿ ತಂದ ಆ ಆಟಕ್ಕೆ ಬೇಕಾಗುವುದು ಎರಡೇ ಬಟನ್. ಮೆಟಲ್ ಸ್ಲಗ್‌ಗೆ ಮೂರು. ಹೀಗೆ ಬರೆಯುತ್ತ ಹೋದರೆ ಪಟ್ಟಿಯ ಬಹುಪಾಲು ಇಬ್ಬರು ಆಡುವ, ಆರು ಬಟನ್‌ಗಳ ಮಾಮೂಲು ಪ್ಯಾನೆಲ್‌ನಲ್ಲೇ ಮುಗಿಯುತ್ತದೆ. ಉಳಿದವುಗಳಿಗೆ ಮಧ್ಯದಲ್ಲಿ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್, ಬಲಕ್ಕೆ ಟ್ರ್ಯಾಕ್‌ಬಾಲ್ ಅಥವಾ ಸ್ಪಿನ್ನರ್ ಇರುವ ಇನ್ನೊಂದು. ಮೂರನೆಯದು ಬೇಕೆನಿಸಿದರೆ ಆಮೇಲೆ ಮಾಡಿಸಿ. ಗೂಡು ಸರಿಯಾಗಿದ್ದರೆ ಹೊಸ ಪ್ಯಾನೆಲ್ ಒಂದು ಭಾನುವಾರದ ಕೆಲಸ.

ಗೂಡು ಎಂದರೆ?

ಪ್ಯಾನೆಲ್ ಬಂದು ಕೂರುವ, ಕ್ಯಾಬಿನೆಟ್‌ನಲ್ಲೇ ಇರುವ ತೆರವು. ಇಡೀ ಯೋಜನೆಯ ಜೀವಾಳ ಇದೇ. ಜಾಯ್‌ಸ್ಟಿಕ್ ಯಾವುದು, ಬಟನ್ ಬಣ್ಣ ಯಾವುದು ಎಂದು ತಲೆ ಕೆಡಿಸಿಕೊಳ್ಳುವವರು ಗೂಡಿನ ಅಳತೆಯನ್ನು ಬಡಗಿಯ ಅಂದಾಜಿಗೆ ಬಿಟ್ಟುಬಿಡುತ್ತಾರೆ. ಆಗಬೇಕಾದದ್ದು ತಿರುಗಾ ಮುರುಗಾ. ಜಾಯ್‌ಸ್ಟಿಕ್ ಹಾಳಾದರೆ ಬದಲಿಸಬಹುದು. ಗೂಡು ಒಮ್ಮೆ ಸೊಟ್ಟಗಾದರೆ ಮುಂದೆ ಮಾಡಿಸುವ ಪ್ರತಿ ಪ್ಯಾನೆಲನ್ನೂ ಸೊಟ್ಟಗೇ ಮಾಡಿಸಬೇಕು.

ನಾಲ್ಕು ಅಳತೆಗಳನ್ನು ಕಾಗದದ ಮೇಲೆ ನಿಗದಿ ಮಾಡಿ. ಇಬ್ಬರು ಭುಜಕ್ಕೆ ಭುಜ ತಾಗಿಸದೆ ನಿಲ್ಲಲು 65ರಿಂದ 70 ಸೆಂ.ಮೀ. ಅಗಲ ಬೇಕು. ಮುಂದಿನಿಂದ ಹಿಂದಕ್ಕೆ ಸುಮಾರು 30 ಸೆಂ.ಮೀ. ಇರಲಿ, ಮುಂಗೈ ಊರಲು ಜಾಗ ಸಿಗುತ್ತದೆ. ನಿಂತು ಆಡುವುದಾದರೆ ನೆಲದಿಂದ 90–95 ಸೆಂ.ಮೀ. ಎತ್ತರ ಹಿತ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ಪ್ಯಾನೆಲ್ ಕೆಳಗಿನ ಆಳ. ಜಾಯ್‌ಸ್ಟಿಕ್ ಮತ್ತು ಬಟನ್‌ಗಳಿಗೆ ವೈರ್ ಸೇರಿ 7 ಸೆಂ.ಮೀ. ಸಾಕು. ಮೂರಿಂಚಿನ ಟ್ರ್ಯಾಕ್‌ಬಾಲ್‌ನ ಚೆಂಡೇ 76 ಮಿ.ಮೀ. ಇರುತ್ತದೆ, ಅದರ ಹೆಚ್ಚಿನ ಭಾಗ ಹಲಗೆಯ ಕೆಳಗೆ ಇಳಿಯುತ್ತದೆ. ಈಗ ಟ್ರ್ಯಾಕ್‌ಬಾಲ್ ಬೇಡವೆನಿಸಿದರೂ 10 ಸೆಂ.ಮೀ. ಬಿಟ್ಟಿರಿ.

ಅಳತೆ ಗೊತ್ತಾದ ಮೇಲೆ 6 ಮಿ.ಮೀ. ಪ್ಲೈವುಡ್‌ನಲ್ಲಿ ಗೂಡಿನ ಅಚ್ಚು ಕತ್ತರಿಸಿಟ್ಟುಕೊಳ್ಳಿ. ಮುಂದಿನ ಪ್ಯಾನೆಲ್ ಮಾಡಿಸುವಾಗ ಬಡಗಿಯ ಕೈಗೆ ಟೇಪು ಕೊಡಬೇಡಿ, ಆ ಅಚ್ಚನ್ನೇ ಕೊಡಿ.

ಪ್ಯಾನೆಲ್ ಅಲುಗದಂತೆ ಕೂರಬೇಕು, ಸ್ಕ್ರೂಡ್ರೈವರ್ ಇಲ್ಲದೆ ಕಳಚಬೇಕು. ಎರಡೂ ಹೇಗೆ?

ಬಹಳ ಜನ ಮೊದಲು ಯೋಚಿಸುವುದು ಅಯಸ್ಕಾಂತ. ಅದು ಕಪಾಟಿನ ಬಾಗಿಲಿಗೆ ಸರಿ. ಹುರುಪಿನಲ್ಲಿ ಆಡುವವನು ಜಾಯ್‌ಸ್ಟಿಕ್ಕನ್ನು ತನ್ನ ಕಡೆಗೆ ಜಗ್ಗುತ್ತಾನೆ, ಮೇಲಕ್ಕೂ ಎತ್ತುತ್ತಾನೆ. ಮುಸ್ತಫಾದ ಕೊನೆಯ ಹಂತದಲ್ಲಿ ಪ್ಯಾನೆಲ್ ಕೈಗೇ ಬಂದುಬಿಡುತ್ತದೆ.

ನನ್ನ ಪ್ಯಾನೆಲ್‌ಗಳೆಲ್ಲ ತಳವಿಲ್ಲದ ತಟ್ಟೆಗಳು: ಮೇಲೆ ಹಲಗೆ, ಸುತ್ತ 7 ಸೆಂ.ಮೀ. ಪಟ್ಟಿ. ಹಿಂದಿನ ಅಂಚಿನಲ್ಲಿ ನಾಲಿಗೆಯಂತೆ ಚಾಚಿದ ಎರಡು ಸಾಗುವಾನಿ ತುಂಡುಗಳಿವೆ. ಗೂಡಿನ ಹಿಂಬದಿಯಲ್ಲಿ, ಪರದೆಯ ಕೆಳಗೆ ಒಂದು ಅಡ್ಡಪಟ್ಟಿ ಇದೆ. ನಾಲಿಗೆಗಳನ್ನು ಅದರಡಿಗೆ ತೂರಿಸಿ ಮುಂದಿನ ಅಂಚನ್ನು ಇಳಿಸಿದರೆ ಪ್ಯಾನೆಲ್ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಮುಂಭಾಗದಲ್ಲಿ, ಮೊಣಕಾಲಿನ ಮೇಲೆ ಕಣ್ಣಿಗೆ ಬೀಳದ ಕಡೆ, ಎಡಕ್ಕೊಂದು ಬಲಕ್ಕೊಂದು ಟಾಗಲ್ ಲ್ಯಾಚ್. ಟ್ರಂಕಿಗೆ ಹಾಕುತ್ತಾರಲ್ಲ, ಕೊಕ್ಕೆ ಸಿಕ್ಕಿಸಿ ಮಡಚಿದರೆ ಬಿಗಿಯುವ ಚಿಲಕ, ಅದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಟ್ರಂಕಿನ ಚಿಲಕವೆಂದು ಕೇಳಿದರೂ ತೆಗೆದುಕೊಡುತ್ತಾರೆ. ಹಿಂದೆ ನಾಲಿಗೆ ಮೇಲೇಳಲು ಬಿಡುವುದಿಲ್ಲ, ಮುಂದೆ ಚಿಲಕ ಕೆಳಕ್ಕೆ ಎಳೆದು ಹಿಡಿಯುತ್ತದೆ.

ಅಕ್ಕಪಕ್ಕ ಜರುಗದಿರಲು ಗೂಡಿನ ತಳಪಟ್ಟಿಯಲ್ಲಿ 8 ಮಿ.ಮೀ. ಗೂಟಗಳೆರಡನ್ನು ನಿಲ್ಲಿಸಿ, ಪ್ಯಾನೆಲ್‌ನಲ್ಲಿ ಅವಕ್ಕೆ ತೂತು ಮಾಡಿ. ಒಂದು ತೂತು ದುಂಡಗಿರಲಿ, ಇನ್ನೊಂದನ್ನು ಅಗಲದ ದಿಕ್ಕಿಗೆ ತುಸು ಉದ್ದವಾಗಿಸಿ. ಎರಡನ್ನೂ ಬಿಗಿಯಾಗಿ ಮಾಡಿದರೆ ಚೈತ್ರದಲ್ಲಿ ಸಲೀಸಾಗಿ ಕೂತ ಪ್ಯಾನೆಲ್ ಶ್ರಾವಣದಲ್ಲಿ ಕೂರಲು ತಕರಾರು ಮಾಡುತ್ತದೆ. ಎರಡೂ ಬದಿಗೆ ಒಂದೂವರೆಯಿಂದ ಎರಡು ಮಿ.ಮೀ. ಸಂದು ಬಿಡಿ. ಅಂಚಿಗೂ ಮೈಕಾ ಅಂಟಿಸುವುದಿದ್ದರೆ ಅದರ ದಪ್ಪವೇ ಬದಿಗೊಂದು ಮಿ.ಮೀ. ತಿನ್ನುತ್ತದೆ ಎಂಬುದನ್ನು ಮೊದಲೇ ಕಳೆಯಿರಿ.

ಹಲಗೆ ಯಾವುದು? ತೂತು ಎಷ್ಟು ದೊಡ್ಡದು?

ಕಡಿಮೆ ಖರ್ಚಿನದು ಎಂಡಿಎಫ್. ನುಣ್ಣಗಿರುತ್ತದೆ, ಆದರೆ ಅಂಚಿಗೆ ಸ್ಕ್ರೂ ಹೊಡೆದರೆ ಸೀಳುತ್ತದೆ, ನೀರು ತಾಗಿದರೆ ಉಬ್ಬುತ್ತದೆ. ಪದೇ ಪದೇ ತೆಗೆದು ಹಾಕುವ ವಸ್ತುವಿಗೆ 12 ಮಿ.ಮೀ. ಪ್ಲೈವುಡ್ ಒಳ್ಳೆಯದು.

ತೊಡಕು ಇರುವುದು ದಪ್ಪದಲ್ಲಿ. ಒತ್ತಿ ಕೂರಿಸುವ ಜಪಾನಿ ಮಾದರಿಯ ಬಟನ್‌ಗಳು ಮೂರು ನಾಲ್ಕು ಮಿ.ಮೀ. ದಪ್ಪದ ತಗಡಿಗೆಂದೇ ಮಾಡಿದವು. 12 ಮಿ.ಮೀ. ಹಲಗೆಯಲ್ಲಿ ಅವುಗಳ ಕೊಕ್ಕೆ ಕಚ್ಚುವುದೇ ಇಲ್ಲ. ಜಾಯ್‌ಸ್ಟಿಕ್‌ನ ದಂಡವೂ ಅಷ್ಟು ದಪ್ಪದಲ್ಲಿ ಹುಗಿದು ಗಿಡ್ಡವಾಗುತ್ತದೆ. ದಾರಿ ಎರಡು. ಒಂದು, ಹಿಂದಿನಿಂದ ನಟ್ ಬಿಗಿಯುವ ಬಟನ್ ಕೊಂಡು, ಜಾಯ್‌ಸ್ಟಿಕ್ ಕೂರುವಲ್ಲಿ ಹಲಗೆಯನ್ನು ಕೆಳಗಿನಿಂದ ಕೊರೆದು ತೆಳುವಾಗಿಸುವುದು. ಇನ್ನೊಂದು, ಪ್ಲೈವುಡ್‌ನಲ್ಲಿ ದೊಡ್ಡ ಕಿಂಡಿ ಬಿಟ್ಟು, ಮೇಲೆ 3 ಮಿ.ಮೀ. ಅಕ್ರಿಲಿಕ್ ಅಥವಾ ಅಲ್ಯುಮಿನಿಯಂ ಹಾಳೆ ಹಾಕಿ, ಬಟನ್‌ಗಳನ್ನು ಹಾಳೆಗೇ ಕೂರಿಸುವುದು. ನನ್ನ ಮತ ಎರಡನೆಯದಕ್ಕೆ. ಅಂಗಡಿಗಳ ಹೆಸರುಫಲಕ ಮಾಡುವವರ ಲೇಸರ್ ಯಂತ್ರದಲ್ಲಿ ಅಕ್ರಿಲಿಕ್ ಹಾಳೆಯ ಎಲ್ಲ ತೂತುಗಳೂ ಒಂದೇ ಬಾರಿಗೆ ಕೂದಲೆಳೆಯಷ್ಟೂ ತಪ್ಪದೆ ಬರುತ್ತವೆ. ಮನೆಯ ಡ್ರಿಲ್‌ನಿಂದ ಅಕ್ರಿಲಿಕ್ ಕೊರೆಯಲು ಹೋಗಬೇಡಿ. ಬಿಟ್ ಆಚೆ ಬದಿಗೆ ಹೊರಬೀಳುವ ಗಳಿಗೆಯಲ್ಲಿ ಹಾಳೆಯನ್ನು ಕಚ್ಚಿ ಎಳೆಯುತ್ತದೆ, ತೂತಿನಿಂದ ಅಂಚಿನವರೆಗೆ ಟಪ್ಪೆಂದು ಬಿರುಕು ಓಡುತ್ತದೆ.

ಜಪಾನಿ ಮಾದರಿಯ ಆಟದ ಬಟನ್‌ಗೆ 30 ಮಿ.ಮೀ., ಸ್ಟಾರ್ಟ್ ಮತ್ತು ಕಾಯಿನ್ ಬಟನ್‌ಗೆ 24 ಮಿ.ಮೀ., ಜಾಯ್‌ಸ್ಟಿಕ್ ದಂಡಕ್ಕೆ 24 ಮಿ.ಮೀ. ತೂತು. ಅಮೆರಿಕನ್ ಮಾದರಿಯ ಬಟನ್‌ಗೆ 1⅛ ಇಂಚು, ಅಂದರೆ 28.6 ಮಿ.ಮೀ. ಅಕ್ಕಪಕ್ಕದ ಬಟನ್‌ಗಳ ನಡುಬಿಂದುಗಳ ಅಂತರ 36 ಮಿ.ಮೀ. ಆಸುಪಾಸು ಇರಲಿ. ಕತ್ತರಿಸುವ ಮುನ್ನ ನಕ್ಷೆಯನ್ನು ರಟ್ಟಿನ ಮೇಲೆ ಅಂಟಿಸಿ, ಮನೆಯ ಎಲ್ಲರ ಕೈಯನ್ನೂ ಅದರ ಮೇಲೆ ಇಡಿಸಿ ನೋಡಿ. ನಿಮ್ಮ ಬೆರಳಿಗೆ ಸರಿಯಾದದ್ದು ಮಕ್ಕಳ ಬೆರಳಿಗೆ ದೂರವಾಗಬಹುದು.

ವೈರ್‌ಗಳ ಸಂಪರ್ಕ ಕಳಚುವುದು ಹೇಗೆ? ಯುಎಸ್‌ಬಿಯೋ, ಹಲವು ಪಿನ್‌ಗಳ ಕನೆಕ್ಟರೋ?

ಪ್ರತಿ ಪ್ಯಾನೆಲ್‌ಗೂ ತನ್ನದೇ ಎನ್‌ಕೋಡರ್ ಇರಿಸಿ, ಹೊರಗೆ ಒಂದೇ ಯುಎಸ್‌ಬಿ ಕೇಬಲ್ ಬಿಡುವುದು ಒಂದು ಪದ್ಧತಿ. ಬಟನ್ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ಪುಟ್ಟ ಬೋರ್ಡ್‌ಗೆ ಎನ್‌ಕೋಡರ್ ಎನ್ನುತ್ತಾರೆ. ಕ್ಯಾಬಿನೆಟ್‌ನಲ್ಲಿ ಒಂದೇ ಎನ್‌ಕೋಡರ್ ಇಟ್ಟು, ಎಲ್ಲ ವೈರ್‌ಗಳನ್ನೂ ಡಿ-ಸಬ್ ಕನೆಕ್ಟರ್ ಮೂಲಕ ದಾಟಿಸುವುದು ಇನ್ನೊಂದು.

ಎರಡನೆಯದರ ಲೆಕ್ಕ ನೋಡಿ. ಎರಡು ಜಾಯ್‌ಸ್ಟಿಕ್‌ಗೆ ನಾಲ್ಕು ನಾಲ್ಕರಂತೆ 8, ಬಟನ್ 12, ಸ್ಟಾರ್ಟ್ 2, ಕಾಯಿನ್ 2, ಎಲ್ಲಕ್ಕೂ ಸೇರಿ ಒಂದು ಗ್ರೌಂಡ್. ಒಟ್ಟು 25. ಹಳೆಯ ಪ್ರಿಂಟರ್ ಕೇಬಲ್‌ನಲ್ಲಿದ್ದ 25 ಪಿನ್‌ಗಳ ಕನೆಕ್ಟರ್ ಇದಕ್ಕೆಂದೇ ಹುಟ್ಟಿದಂತಿದೆ. ಆದರೆ ಒಂದು ಪಿನ್ನೂ ಉಳಿಯುವುದಿಲ್ಲ, ನಾಳೆ ಆಟ ತಡೆದು ನಿಲ್ಲಿಸುವ ಪಾಜ್ ಬಟನ್ ಅಥವಾ ದೀಪ ಬೇಕೆಂದರೆ ದಾರಿಯಿಲ್ಲ. ಈ ಪದ್ಧತಿ ಹಿಡಿಯುವವರು 37 ಪಿನ್‌ನದನ್ನೇ ಕೊಳ್ಳಿ. ಉಳಿದ 12 ಪಿನ್‌ಗಳಲ್ಲಿ ಮೂರನ್ನು ಪ್ಯಾನೆಲ್ ಗುರುತಿಗೆ ಮೀಸಲಿಡಬಹುದು. ಒಂದೊಂದು ಪ್ಯಾನೆಲ್‌ನಲ್ಲಿ ಬೇರೆ ಬೇರೆ ಪಿನ್‌ಗಳನ್ನು ಗ್ರೌಂಡ್‌ಗೆ ಸೇರಿಸಿದರೆ ಏಳು ಪ್ಯಾನೆಲ್‌ಗಳನ್ನು ಕಂಪ್ಯೂಟರ್ ತಾನಾಗಿಯೇ ಗುರುತಿಸಬಲ್ಲದು.

ಇಷ್ಟು ಹೇಳಿದ ಮೇಲೂ ಹೊಸಬರಿಗೆ ನಾನು ಸೂಚಿಸುವುದು ಯುಎಸ್‌ಬಿಯನ್ನೇ. 37 ಪಿನ್‌ಗಳನ್ನು ಎರಡೂ ತುದಿಗೆ ಬೆಸೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಟ್ರ್ಯಾಕ್‌ಬಾಲ್‌ಗೆ ಹೇಗೂ ಯುಎಸ್‌ಬಿ ಬೇಕು. ಯುಎಸ್‌ಬಿ-ಎ ಕನೆಕ್ಟರ್‌ಗೆ ನಿಗದಿಯಾದ ಬಾಳಿಕೆ 1500 ಸಲ ಹಾಕಿ ತೆಗೆಯುವಷ್ಟು. ಕ್ಯಾಬಿನೆಟ್ ಒಳಗಿನಿಂದ ಗೂಡಿನವರೆಗೆ ಒಂದು ಎಕ್ಸ್‌ಟೆನ್ಷನ್ ಕೇಬಲ್ ತಂದು ನಿಲ್ಲಿಸಿದರೆ ಸವೆಯುವುದು ಅದು, ಕಂಪ್ಯೂಟರ್‌ನ ಪೋರ್ಟ್ ಅಲ್ಲ.

ಎನ್‌ಕೋಡರ್ ಯಾವುದು ಕೊಳ್ಳಲಿ? ಹಳೆಯ ಕೀಬೋರ್ಡ್ ಬಿಚ್ಚಿ ಬಳಸಬಹುದೇ?

ಕೀಬೋರ್ಡ್ ಬಿಚ್ಚಬೇಡಿ. ಅದರ ಕೀಲಿಗಳು ಅಡ್ಡ ಉದ್ದ ಸಾಲುಗಳ ಜಾಲದಲ್ಲಿ ಹೆಣೆದುಕೊಂಡಿರುತ್ತವೆ. ಇಬ್ಬರೂ ಒಟ್ಟಿಗೆ ನಾಲ್ಕೈದು ಕೀಲಿ ಒತ್ತಿದಾಗ ಕೆಲವು ದಾಖಲಾಗುವುದೇ ಇಲ್ಲ.

ಆನ್‌ಲೈನ್‌ನಲ್ಲಿ ಬಟನ್‌ಗಳ ಜೊತೆಗೇ ಬರುವ ‘ಝೀರೋ ಡಿಲೇ’ ಬೋರ್ಡ್ ಒಬ್ಬ ಆಟಗಾರನಿಗೆ ಒಂದರಂತೆ ಸಾಕಾಗುತ್ತದೆ. ಹೆಸರಿನಲ್ಲಿರುವ ಝೀರೋವನ್ನು ಅಕ್ಷರಶಃ ನಂಬಬೇಡಿ, ಮನೆಯ ಆಟಕ್ಕೆ ತೊಂದರೆಯಿಲ್ಲ. ತುಸು ತಿಳಿದವರು 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ, ನಾವೇ ಪ್ರೋಗ್ರಾಂ ತುಂಬಬಲ್ಲ ಪುಟ್ಟ ಬೋರ್ಡ್ ಬಳಸಬಹುದು. ಅದರಲ್ಲಿ 26 ಪಿನ್‌ಗಳು ನಮ್ಮ ಉಪಯೋಗಕ್ಕೆ ಸಿಗುತ್ತವೆ, ಮೇಲೆ ಹೇಳಿದ 24 ಸ್ವಿಚ್‌ಗಳು ಒಂದೇ ಬೋರ್ಡ್‌ನಲ್ಲಿ ಮುಗಿಯುತ್ತವೆ. ಅದನ್ನು ಕೀಬೋರ್ಡ್‌ನಂತೆ ನಡೆಸುವುದಾದರೆ ಒಂದು ಎಚ್ಚರ: ಸರಳ ಕೀಬೋರ್ಡ್ ಪ್ರೋಗ್ರಾಂಗಳು ಒಮ್ಮೆಗೆ ಆರು ಮಾಮೂಲು ಕೀಲಿಗಳನ್ನಷ್ಟೇ ಕಳಿಸುತ್ತವೆ. ಕ್ಯೂಎಂಕೆಯಂತೆ ಎಷ್ಟು ಕೀಲಿಗಳನ್ನಾದರೂ ಕಳಿಸಬಲ್ಲ ಫರ್ಮ್‌ವೇರ್ (ಬೋರ್ಡ್‌ನೊಳಗೆ ತುಂಬುವ ತಂತ್ರಾಂಶ) ಹಾಕಿ.

ವೈರಿಂಗ್‌ನಲ್ಲಿ ಏನು ಗಮನಿಸಬೇಕು?

ಬಟನ್‌ನ ಪುಟ್ಟ ಸ್ವಿಚ್‌ಗೆ (ಮೈಕ್ರೋಸ್ವಿಚ್) ಮೂರು ಕಾಲುಗಳಿದ್ದರೆ ಕಾಮನ್ ಮತ್ತು ‘ಎನ್‌ಒ’ (ಒತ್ತಿದಾಗ ಮಾತ್ರ ಕೂಡುವುದು) ಎಂದಿರುವವಕ್ಕೆ ವೈರ್ ಹಾಕಿ. ‘ಎನ್‌ಸಿ’ಗೆ (ಒತ್ತದಿದ್ದಾಗ ಕೂಡಿರುವುದು) ಹಾಕಿದರೆ ಯಾರೂ ಮುಟ್ಟದಿದ್ದರೂ ನಿಮ್ಮ ವೀರ ಗುಂಡು ಹಾರಿಸುತ್ತಲೇ ಇರುತ್ತಾನೆ.

ಸ್ವಿಚ್ ಕಾಲುಗಳಿಗೆ ನೇರವಾಗಿ ಬೆಸುಗೆ ಹಾಕುವ ಬದಲು ಥಿಂಬಲ್ ಬಳಸಿ, ಅಂದರೆ ವೈರ್ ತುದಿಗೆ ಒತ್ತಿ ಕಚ್ಚಿಸಿ (ಕ್ರಿಂಪ್ ಮಾಡಿ) ಸ್ವಿಚ್ ಕಾಲಿಗೆ ತೂರಿಸುವ ಲೋಹದ ತುಂಡು. ಸಣ್ಣ ಜಪಾನಿ ಬಟನ್‌ಗೆ 2.8 ಮಿ.ಮೀ., ಅಮೆರಿಕನ್ ಮಾದರಿಗೆ ಸಾಮಾನ್ಯವಾಗಿ 4.8 ಮಿ.ಮೀ. ಅಗಲದ್ದು. ಕ್ರಿಂಪ್ ಮಾಡಿದ ಮೇಲೆ ಪ್ರತಿ ಥಿಂಬಲನ್ನೂ ಹಿಡಿದು ವೈರನ್ನು ಜಗ್ಗಿ ನೋಡಿ. ಸರಿಯಾದದ್ದು ಬರುವುದಿಲ್ಲ. ಇಕ್ಕಳದಿಂದ ಚಪ್ಪಟೆ ಮಾಡಿದ್ದು ಇವತ್ತು ಹಿಡಿದುಕೊಂಡಿರುತ್ತದೆ, ಪ್ಯಾನೆಲನ್ನು ನಾಲ್ಕು ಸಲ ಎತ್ತಿಟ್ಟ ಮೇಲೆ ಸದ್ದಿಲ್ಲದೆ ಕಳಚುತ್ತದೆ. ಒಂದೇ ಜಾಗದಲ್ಲಿ ಇರುವ ಪ್ಯಾನೆಲ್‌ಗೂ ಕೈಯಲ್ಲಿ ಓಡಾಡುವ ಪ್ಯಾನೆಲ್‌ಗೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಗ್ರೌಂಡ್ ವೈರನ್ನು ಬಟನ್‌ನಿಂದ ಬಟನ್‌ಗೆ ಸರಪಳಿಯಾಗಿ ಒಯ್ದು, ಕೊನೆಯದನ್ನೂ ಬೋರ್ಡ್‌ಗೆ ತಂದು ಸೇರಿಸಿ. ಆಗ ನಡುವೆ ಒಂದು ಕೊಂಡಿ ಬಿಟ್ಟರೂ ಉಳಿದ ಬಟನ್‌ಗಳು ಕೆಲಸ ಮಾಡುತ್ತವೆ.

ಪ್ಯಾನೆಲ್ ಬದಲಿಸಿದ ಮೇಲೆ ಮೊದಲ ಆಟಗಾರ ಎರಡನೆಯವನಾಗುತ್ತಾನೆ. ಏಕೆ?

ಒಂದೇ ಬಗೆಯ ಎರಡು ಬೋರ್ಡ್‌ಗಳು ಕಂಪ್ಯೂಟರ್‌ಗೆ ಒಂದೇ ಹೆಸರು ಹೇಳುತ್ತವೆ. ಯಾವುದು ಮೊದಲು ಕಂಡಿತೋ ಅದೇ ಒಂದನೆಯದು. ಎರಡು ಬೋರ್ಡ್‌ಗಳ ಕೇಬಲ್‌ಗಳಿಗೆ ಬಣ್ಣದ ಟೇಪ್ ಸುತ್ತಿ, ಯಾವಾಗಲೂ ಆಯಾ ಪೋರ್ಟ್‌ಗೇ ಹಾಕಿ. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ನಡೆಸುವ ಮೇಮ್ ಎಮ್ಯುಲೇಟರ್‌ನಲ್ಲಿ ಯಾವ ಸಾಧನ ಎಷ್ಟನೆಯದೆಂದು ಕಂಟ್ರೋಲರ್ ಫೈಲ್‌ನಲ್ಲಿ ಬರೆದಿಡುವ ಸೌಲಭ್ಯವೂ ಇದೆ. ಇಬ್ಬರಿಗೂ ಸೇರಿ ಒಂದೇ ಬೋರ್ಡ್ ಇದ್ದರೆ ಈ ತಂಟೆಯೇ ಇಲ್ಲ.

ಪ್ರತಿ ಪ್ಯಾನೆಲ್‌ಗೂ ಸೆಟ್ಟಿಂಗ್ ಬೇರೆ ಮಾಡಬೇಕೇ?

ಎಲ್ಲ ಪ್ಯಾನೆಲ್‌ಗಳಲ್ಲೂ ಒಂದನೇ ಬಟನ್‌ಗೆ ಒಂದೇ ಕೀಲಿ, ಎರಡನೆಯದಕ್ಕೆ ಒಂದೇ ಕೀಲಿ ಎಂದು ನಿಯಮ ಮಾಡಿಕೊಂಡರೆ ಬೇಕಿಲ್ಲ. ಮೇಮ್‌ನ ರೂಢಿಯಂತೆ ಬಾಣದ ಕೀಲಿಗಳು ದಿಕ್ಕಿಗೆ, ಎಡ ಕಂಟ್ರೋಲ್, ಎಡ ಆಲ್ಟ್, ಸ್ಪೇಸ್, ಎಡ ಶಿಫ್ಟ್ ಕ್ರಮವಾಗಿ ಮೊದಲ ನಾಲ್ಕು ಬಟನ್‌ಗಳಿಗೆ, 5 ಕಾಯಿನ್‌ಗೆ, 1 ಸ್ಟಾರ್ಟ್‌ಗೆ. ಸ್ಟ್ರೀಟ್ ಫೈಟರ್‌ನಲ್ಲಿ ಮೊದಲ ಮೂರು ಗುದ್ದು, ಮೇಲಿನ ಸಾಲಿಗೆ. ನಂತರದ ಮೂರು ಒದೆ, ಕೆಳಗಿನ ಸಾಲಿಗೆ. ಟ್ರ್ಯಾಕ್‌ಬಾಲ್ ಪ್ಯಾನೆಲ್‌ಗೆ ಬೇರೆ ಸೆಟ್ಟಿಂಗ್ ಬೇಕಾದರೆ ಅದರ ಹೆಸರಿನಲ್ಲೊಂದು ಕಂಟ್ರೋಲರ್ ಫೈಲ್ ಇಟ್ಟುಕೊಳ್ಳಿ.

ವಿಂಡೋಸ್ ಬಳಸುವವರು ‘ಸ್ಟಿಕಿ ಕೀಸ್’ ಸೌಲಭ್ಯವನ್ನು ಮೊದಲೇ ಆಫ್ ಮಾಡಿ. ನಾಲ್ಕನೇ ಬಟನ್ ಶಿಫ್ಟ್ ಆಗಿರುವುದರಿಂದ ಐದು ಸಲ ಬಡಬಡ ಒದ್ದರೆ ಎದುರಾಳಿಯ ಬದಲು ವಿಂಡೋಸ್‌ನ ಪ್ರಶ್ನೆ ಎದುರಿಗೆ ಬರುತ್ತದೆ.

ಆಟ ನಡೆಯುತ್ತಿರುವಾಗ ಪ್ಯಾನೆಲ್ ಬದಲಿಸಬೇಡಿ. ಆಟದಿಂದ ಹೊರಬಂದು ಬದಲಿಸಿ.

ನಾಲ್ಕು ದಿಕ್ಕಿಗೆ ಬೇರೆ ಜಾಯ್‌ಸ್ಟಿಕ್ ಬೇಕೇ ಬೇಕೇ?

ಪ್ಯಾಕ್-ಮ್ಯಾನ್, ಡಾಂಕಿ ಕಾಂಗ್ ಆಡುವವರಿಗೆ ಬೇಕು. ಎಂಟು ದಿಕ್ಕಿನದರಲ್ಲಿ ಮೂಲೆಗೆ ತಿರುಗಿಸುವಾಗ ದಂಡ ಕರ್ಣದ ಕಡೆಗೆ ಜಾರಿ, ಪ್ಯಾಕ್-ಮ್ಯಾನ್ ತಿರುಗುವ ಬದಲು ನೆಟ್ಟಗೆ ದೆವ್ವದ ಬಾಯಿಗೆ ಹೋಗುತ್ತದೆ. ಕೆಲವು ಜಾಯ್‌ಸ್ಟಿಕ್‌ಗಳ ಕೆಳಗಿನ ತಡೆ ತಟ್ಟೆಯನ್ನು ತಿರುಗಿಸಿ ನಾಲ್ಕು ದಿಕ್ಕಿನದಾಗಿಸಬಹುದು. ಪ್ರತಿ ಸಲ ಪ್ಯಾನೆಲ್ ಬೋರಲು ಹಾಕಿ ಅದನ್ನು ತಿರುಗಿಸುವವರನ್ನು ನಾನಂತೂ ನೋಡಿಲ್ಲ.

ಟ್ರ್ಯಾಕ್‌ಬಾಲ್, ಸ್ಪಿನ್ನರ್ ಜೋಡಣೆ ಕಷ್ಟವೇ?

ಇಲ್ಲ. ಯುಎಸ್‌ಬಿ ಇರುವುದನ್ನು ಕೊಂಡರೆ ಕಂಪ್ಯೂಟರ್ ಅದನ್ನು ಮೌಸ್ ಎಂದೇ ತಿಳಿಯುತ್ತದೆ. ಮೇಮ್‌ನಲ್ಲಿ ಮೌಸ್ ಆನ್ ಮಾಡಿದರಾಯಿತು. ನಮ್ಮ ಊರಿನ ಧೂಳಿಗೆ ಚೆಂಡಿನ ಕೆಳಗಿನ ರೋಲರ್‌ಗಳ ಮೇಲೆ ಜಿಡ್ಡಿನ ಪಟ್ಟೆ ಕಟ್ಟುತ್ತದೆ, ಚೆಂಡು ತಡೆದು ತಡೆದು ಉರುಳತೊಡಗುತ್ತದೆ. ಚೆಂಡು ತೆಗೆದು ಉಗುರಿನಿಂದ ಆ ಪಟ್ಟೆಯನ್ನು ಎಬ್ಬಿಸಿ ಒರೆಸಿ.

ಸ್ಟೀರಿಂಗ್? ಬಂದೂಕು?

ಬೇಡ. ಸ್ಟೀರಿಂಗ್ ಎಂದರೆ ಪೆಡಲ್ ಬೇಕು, ಕೂರಲು ಆಸನ ಬೇಕು. ಹಳೆಯ ಲೈಟ್ ಗನ್‌ಗಳು ಡಬ್ಬಿ ಟಿವಿಗಳಿಗೆಂದು ಮಾಡಿದವು, ಎಲ್‌ಸಿಡಿ ಪರದೆಯ ಮುಂದೆ ನಡೆಯುವುದಿಲ್ಲ.

ಮುಸ್ತಫಾ ಮೂವರು ಆಡಬಹುದು. ಮೂವರ ಪ್ಯಾನೆಲ್ ಮಾಡಿಸಲೇ?

ಅದಕ್ಕೆ 90 ಸೆಂ.ಮೀ.ಗೂ ಮಿಕ್ಕಿ ಅಗಲ ಬೇಕು, ಗೂಡಿನ ಹೊರಕ್ಕೆ ಎರಡೂ ಬದಿ ಚಾಚಿಕೊಳ್ಳುತ್ತದೆ. ಗೂಡಿನ ಕೆಳಗೆ ಮುಂಭಾಗದಲ್ಲಿ ಒಂದು ಯುಎಸ್‌ಬಿ ಪೋರ್ಟ್ ಬಿಟ್ಟು, ಮೂರನೆಯವನ ಕೈಗೆ ಗೇಮ್‌ಪ್ಯಾಡ್ ಕೊಡಿ. ಮನೆಯಲ್ಲಿ ಚಿಕ್ಕವರೇ ಯಾವಾಗಲೂ ಮೂರನೆಯವರಾಗುವುದರಿಂದ ಮುನಿಸು ಬರಬಹುದು, ಪಾಳಿ ಮಾಡಿ.

ಆಟದ ಭರಾಟೆಗೆ ಕ್ಯಾಬಿನೆಟ್ಟೇ ಅಲುಗಾಡುತ್ತದೆ.

ತಳದಲ್ಲಿ ಭಾರವಿಲ್ಲ. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಸುಲಭ ಉಪಾಯವಿದೆ: ಒಂದು ಶಹಾಬಾದ್ ಕಲ್ಲು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಎರಡೂವರೆ ಸೆಂ.ಮೀ. ದಪ್ಪದ ತುಂಡು ಹನ್ನೊಂದು ಹನ್ನೆರಡು ಕಿಲೋ ತೂಗುತ್ತದೆ. ನೆಲ ಹಾಸಿ ಉಳಿದ ತುಂಡು ಯಾರ ಮನೆಯ ಹಿತ್ತಿಲಲ್ಲಾದರೂ ಒರಗಿ ನಿಂತಿರುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ?

ಪ್ಲೈವುಡ್, ಮೈಕಾ, ಚಿಲಕ, ಅಕ್ರಿಲಿಕ್, ಥಿಂಬಲ್ ಎಲ್ಲವೂ ಕಲಬುರಗಿಯಲ್ಲೇ. ಡಿ-ಸಬ್ ಕನೆಕ್ಟರ್‌ನಂಥವನ್ನು ಹೈದರಾಬಾದ್‌ಗೆ ಹೋದಾಗ ಕೋಠಿಯ ಗುಜರಾತಿ ಗಲ್ಲಿಯಲ್ಲಿ ನೋಡಿ ಆರಿಸಬಹುದು. ಜಾಯ್‌ಸ್ಟಿಕ್, ಬಟನ್ ಆನ್‌ಲೈನ್. ಎರಡು ಮೂರು ಬಟನ್ ಹೆಚ್ಚಿಗೆ ತರಿಸಿ.

ಪ್ಯಾನೆಲ್ ಮೇಲೆ ಚಿತ್ರ?

ಫ್ಲೆಕ್ಸ್ ಅಂಗಡಿಯಲ್ಲಿ ವಿನೈಲ್ ಸ್ಟಿಕ್ಕರ್ ಮುದ್ರಿಸಿ, ಪಾರದರ್ಶಕ ಅಕ್ರಿಲಿಕ್ ಹಾಳೆಯ ಅಡಿಗೆ ಹಾಕಿ. ಮೇಲೆ ಹಾಕಿದರೆ ಬೆವರು ಮತ್ತು ಬೇಸಿಗೆಯ ಕಾವಿಗೆ ಅಂಚು ಏಳುತ್ತದೆ. ಎಲ್ಲರೂ ಆಟದ ಪಾತ್ರಗಳನ್ನೇ ಹಾಕುತ್ತಾರೆ. ಕಪ್ಪು ಮೈಮೇಲೆ ಬೆಳ್ಳಿ ಬಳ್ಳಿಗಳ ಬಿದರಿ ವಿನ್ಯಾಸ ಹಾಕಿದ ಒಂದು ಪ್ಯಾನೆಲ್ ಬೀದರ್‌ನ ಗೆಳೆಯರ ಮನೆಯಲ್ಲಿದೆ, ನಾನು ನೋಡಿದವುಗಳಲ್ಲಿ ಅದಕ್ಕೆ ಸಾಟಿಯಿಲ್ಲ.

ಆಟಗಳ ಫೈಲ್ ಕೊಡುತ್ತೀರಾ?

ಇಲ್ಲ. ಮೇಮ್ ಮುಕ್ತ ತಂತ್ರಾಂಶ, ಆಟಗಳು ಹಾಗಲ್ಲ. ಅವುಗಳ ಹಕ್ಕು ಆಯಾ ಕಂಪನಿಗಳದ್ದು. ಹಳೆಯ ಆಟಗಳ ಸಂಗ್ರಹಗಳನ್ನು ಕಂಪನಿಗಳೇ ಮಾರುತ್ತವೆ.

ಬಳಸದ ಪ್ಯಾನೆಲ್ ಎಲ್ಲಿಡುವುದು?

ಗೋಡೆಗೆ ಗೂಡಿನಲ್ಲಿರುವಂಥದ್ದೇ ಅಡ್ಡಪಟ್ಟಿ ಹೊಡೆದು, ನಾಲಿಗೆಗಳನ್ನು ಅದಕ್ಕೆ ಸಿಕ್ಕಿಸಿ ತೂಗುಹಾಕಿ. ಮೇಲೊಂದು ಹಳೆಯ ದಿಂಬಿನ ಕವಚ ಹಾಕಿದರೆ ಧೂಳಿಗೆ ಸಾಕು. ಜಾಯ್‌ಸ್ಟಿಕ್ ಕೆಳಗಾಗಿ ಮಂಚದಡಿಗೆ ತಳ್ಳಬೇಡಿ, ದಂಡದ ಮೇಲೆ ಇಡೀ ಪ್ಯಾನೆಲ್ ಭಾರ ಬಿದ್ದು ಸ್ಪ್ರಿಂಗ್ ಸಡಿಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಬಿಸಿಲು ಬೀಳುವ ಗೋಡೆಯೂ ಬೇಡ. ಕೇಬಲನ್ನು ತಟ್ಟೆಯ ಒಳಗೆ ಸುತ್ತಿ, ಸಣ್ಣದೊಂದು ಕ್ಲಿಪ್ ಹಾಕಿಡಿ.